ತಪ್ಪಿನ ಚೀಟಿ

ಗಜೇಂದ್ರಗಡ
14 ಜುಲೈ 2025

ಚಿ. ಶಾಂಭವಿಗೆ ನಿನ್ನ ಅಜ್ಜ ಪ್ರಭುಲಿಂಗಪ್ಪನ ಆಶೀರ್ವಾದಗಳು.

ಸಮಸ್ತ ನಾಗರಿಕರಿಗೆ, ವಿಶೇಷವಾಗಿ ಹುಬ್ಬಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದು ಕುಳಿತಿರುವ ಕಂಪ್ಯೂಟರ್ ಇಂಜಿನಿಯರರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಇಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ನಮ್ಮ ಕಾಳಿನ ಅಂಗಡಿಯ ರಬ್ಬರ್ ಶಿಕ್ಕಾದ ಪ್ಯಾಡಿಗೆ ಒಂಬತ್ತು ವರ್ಷಗಳ ನಂತರ ಹೊಸ ನೇರಳೆ ಶಾಯಿ ಹಾಕಲಾಯಿತು. ಸಮಾರಂಭಕ್ಕೆ ನಾನು, ಹಮಾಲ ಗೌಸುಸಾಬ ಮತ್ತು ಗೋದಾಮಿನ ಬೆಕ್ಕು ಹಾಜರಿದ್ದೆವು. ಮೊದಲ ಮುದ್ರೆ ಹಳೆಯ ಪೇಪರಿನ ಮೇಲೆ ಬಿತ್ತು, ಎರಡನೆಯದು ನನ್ನ ಧೋತರದ ಮೇಲೆ. ಮೂರನೆಯದನ್ನು ನನ್ನ ಹಣೆಯ ಮೇಲೆ ತಾನೇ ಒತ್ತುವುದಾಗಿ ನಿನ್ನ ಆಯಿ, ನನ್ನ ಧರ್ಮಪತ್ನಿ ಕಳಕವ್ವ, ಧೋತರ ಒಗೆಯುತ್ತ ಘೋಷಿಸಿದ್ದಾಳೆ.

ಕಾಗದ ಯಾಕೆ ಬರೆಯುತ್ತಿದ್ದೇನೆಂದು ನಿನಗೆ ಗೊತ್ತೇ ಇದೆ. ನನ್ನ ಎರಡೂ ಕಿವಿಗಳು ಫೋನಿನ ಜೊತೆ ಮಾತು ಬಿಟ್ಟಿವೆ. ಗಾಜಿನ ಮೇಲೆ ಬೆರಳಿಟ್ಟು ಬರೆಯಲು ಹೋದರೆ ನನ್ನ ಒಂದು ಬೆರಳಿಗೆ ನಾಲ್ಕು ಅಕ್ಷರ ಒಮ್ಮೆಲೇ ಸಿಗುತ್ತವೆ. ನಿನ್ನ ಅಪ್ಪ ಶಶಿಕಾಂತ ದಿನಾ ಸಂಜೆ ನಿನ್ನ ಜೊತೆ ಫೋನಿನಲ್ಲಿ ಮಾತಾಡಿ ಬಂದು, "ಆರಾಮ ಅದಾಳ" ಎಂಬ ಎರಡು ಶಬ್ದಗಳ ವರದಿ ಒಪ್ಪಿಸುತ್ತಾನೆ. ಇಷ್ಟು ಚಿಕ್ಕ ವರದಿಯನ್ನು ನಾನು ಯಾವತ್ತೂ ನಂಬಿದವನಲ್ಲ.

ನೀನು ಎರಡು ವರ್ಷದ ಹಿಂದೆ ಕಾಲೇಜಿನ ಸೂಟಿಯಲ್ಲಿ ಬರೆದುಕೊಟ್ಟ ಪ್ರೋಗ್ರಾಂ ಚಲೋ ನಡೆದಿದೆ. ಯಾವ ಚೀಲ ಯಾರದು, ಗೋದಾಮಿನ ಯಾವ ಮೂಲೆಯಲ್ಲಿದೆ ಎಂದು ಕೇಳಿದ ಕೂಡಲೇ ಹೇಳುತ್ತದೆ. ಗೌಸುಸಾಬ ದಿನಾ ಮುಂಜಾನೆ ಆ ಕಂಪ್ಯೂಟರಿನ ಮುಂದೆ ಲೋಬಾನದ ಹೊಗೆ ಹಾಕುತ್ತಾನೆ. ಕೇಳಿದರೆ "ಗುಂಗಾಡಕ್ರಿ ಸಾವ್ಕಾರ್ರ" ಎಂದು ಸೊಳ್ಳೆಗಳ ಮೇಲೆ ಹಾಕುತ್ತಾನೆ.

ನೌಕರಿಯ ಶೋಧ ಎಲ್ಲಿಗೆ ಬಂತು? ಎರಡು ಶಬ್ದಗಳಿಗಿಂತ ಹೆಚ್ಚು ಬರೆ.

ನಿನ್ನ ಅಜ್ಜ,
ಪ್ರಭುಲಿಂಗಪ್ಪ
(ಶಿಕ್ಕಾ ಕೆಳಗೆ ಒತ್ತಿದ್ದೇನೆ. ಬಣ್ಣ ನೋಡು.)


ಹುಬ್ಬಳ್ಳಿ
3 ಆಗಸ್ಟ್ 2025

ತೀರ್ಥರೂಪ ಅಜ್ಜಾರಿಗೆ ಶಾಂಭವಿಯ ನಮಸ್ಕಾರಗಳು.

ಶಿಕ್ಕಾ ನೋಡಿದೆ. ನನ್ನ ರೂಮಿನ ಗೆಳತಿ ಇಷ್ರತಳೂ ನೋಡಿದಳು. ನರಗುಂದದವಳು, ನನ್ನ ಜೊತೆಗೇ ಓದಿದವಳು, ನಿಮಗೆ ಗೊತ್ತಲ್ಲ. "ನಿಮ್ಮಜ್ಜಾರ ಅಂಗಡಿ ಶಿಕ್ಕಾ ನಮ್ಮ ಡಿಗ್ರಿ ಮ್ಯಾಲಿನ ಶಿಕ್ಕಾಕಿಂತ ಚಂದ ಮೂಡೇತಿ" ಎಂದಳು. ಡಿಗ್ರಿಯನ್ನು ಹೊರಗೆ ತೆಗೆದು ಹೋಲಿಸಿದೆವು. ಖರೇ ಇದೆ.

ಎರಡು ಶಬ್ದಗಳ ವರದಿಯನ್ನು ಈಗ ವಿಸ್ತರಿಸುತ್ತೇನೆ. ಇದುವರೆಗೆ ಹದಿನೇಳು ಸಂದರ್ಶನಗಳಾದವು. ಒಂಬತ್ತನೆಯದನ್ನು ಮಾಡಿದ್ದು ಮನುಷ್ಯ ಅಲ್ಲ, ಯಂತ್ರ. ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ಅದು ಬಹಳ ಸಭ್ಯವಾಗಿ, "ದಯವಿಟ್ಟು ಕಣ್ಣಲ್ಲಿ ಕಣ್ಣಿಟ್ಟು ಉತ್ತರಿಸಿ" ಎಂದಿತು. ಅದರ ಕಣ್ಣು ಎಲ್ಲಿದೆ ಎಂದು ನಾನು ಹುಡುಕುತ್ತಿರುವಾಗಲೇ ಸಮಯ ಮುಗಿಯಿತು. ಇನ್ನೊಂದರಲ್ಲಿ, "ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ?" ಎಂದು ಕೇಳುತ್ತಿದ್ದಂತೆ ಕರೆಂಟ್ ಹೋಗಿ ಅವರಿಗೆ ನಾನೇ ಕಾಣದಂತಾದೆ.

ಉಳಿದವರೆಲ್ಲ ಕೇಳುವುದು ಒಂದೇ ಮಾತು: ಅನುಭವ. ಜಾಹೀರಾತಿನ ಮೇಲೆ ದಪ್ಪ ಅಕ್ಷರದಲ್ಲಿ "ಹೊಸಬರಿಗೆ ಆಹ್ವಾನ" ಎಂದಿರುತ್ತದೆ, ಕೆಳಗೆ ಇರುವೆ ಗಾತ್ರದಲ್ಲಿ "ಎರಡು ವರ್ಷದ ಅನುಭವ ಕಡ್ಡಾಯ." ನಾನು ನಮ್ಮ ಗೋದಾಮಿನ ಪ್ರೋಗ್ರಾಮಿನ ಮಾತು ತೆಗೆದರೆ, "ಅದು ಮನಿ ಕೆಲಸ ಆತು, ಕಂಪನಿ ಅನುಭವ ಹೇಳ್ರಿ" ಎನ್ನುತ್ತಾರೆ.

ಚಿಂತೆ ಮಾಡಬೇಡಿ. ಹದಿನೆಂಟನೆಯದು ಬುಧವಾರ ಇದೆ.

ನಿಮ್ಮ ಮೊಮ್ಮಗಳು,
ಶಾಂಭವಿ


ಗಜೇಂದ್ರಗಡ
19 ಆಗಸ್ಟ್ 2025

ಚಿ. ಶಾಂಭವಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಗೋದಾಮಿನಲ್ಲಿ ಗಟ್ಟಿಯಾಗಿ ಓದಲಾಯಿತು. ಯಂತ್ರದ ಕಣ್ಣಿನ ಭಾಗವನ್ನು ಗೌಸುಸಾಬನ ಕೋರಿಕೆಯ ಮೇರೆಗೆ ಎರಡನೆಯ ಸಲ ಓದಲಾಯಿತು. ಹೊಸಬರಿಗೆ ಅನುಭವ ಕೇಳುತ್ತಾರೆಂಬುದನ್ನು ಕೇಳಿ ಅವನು ಚೀಲ ಕೆಳಗಿಳಿಸಿ ನಿಂತುಬಿಟ್ಟ.

"ಇದೇನ್ರಿ ಸಾವ್ಕಾರ್ರ, ತೊಟ್ಲಾಗಿನ ಕೂಸಿಗಿ ಹಲ್ಲು ಎಷ್ಟದಾವು ಅಂತ ಕೇಳಿದಂಗಾತಲ್ಲ?"

"ಕೇಳಾಕತ್ತಾರಪಾ."

"ಹಂಗಾರ ಮೊದಲ ಹಲ್ಲು ಎಲ್ಲಿ ಬರಬೇಕ್ರಿ?"

ಇಂಥ ಪ್ರಶ್ನೆ ಬಂದಾಗ ಎಪ್ಪತ್ತಾರು ವರ್ಷದವನು ಮಾಡುವುದನ್ನೇ ಮಾಡಿದೆ: ಚಹಾ ತರಿಸಿದೆ.

ನಿನ್ನ ಆಯಿ ಶೇಂಗಾ ಹೋಳಿಗೆ ಕಳಿಸಿದ್ದಾಳೆ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹನ್ನೆರಡು ಕೊಟ್ಟಿದ್ದೇವೆ. ನಿನಗೆ ಎಷ್ಟು ಮುಟ್ಟಿದವೆಂದು ಬರೆ. ಆ ಮನುಷ್ಯನ ಬಗ್ಗೆ ನನಗೊಂದು ಅಂದಾಜು ಬೇಕು.

ಹದಿನೆಂಟನೆಯದು ಏನಾಯಿತು?

ನಿನ್ನ ಅಜ್ಜ,
ಪ್ರಭುಲಿಂಗಪ್ಪ


ಹುಬ್ಬಳ್ಳಿ
28 ಸೆಪ್ಟೆಂಬರ್ 2025

ತೀರ್ಥರೂಪ ಅಜ್ಜಾರಿಗೆ ನಮಸ್ಕಾರಗಳು.

ಹೋಳಿಗೆ ಹತ್ತು ಮುಟ್ಟಿದವು. ಕಂಡಕ್ಟರ್ ಅಷ್ಟು ಕೆಟ್ಟವನಲ್ಲ.

ಬರೆಯಲು ತಡವಾಯಿತು. ದೊಡ್ಡ ಸುದ್ದಿ: ಇಷ್ರತಳಿಗೆ ಕೆಲಸ ಸಿಕ್ಕಿತು! ಧಾರವಾಡದಲ್ಲಿ. ಮೊನ್ನೆಯಿಂದ ಹೋಗುತ್ತಿದ್ದಾಳೆ. ನನಗೆ ಭಾಳ ಖುಷಿಯಾಗಿದೆ. ನಾನೇ ಅವಳಿಗೆ ಪೇಢೆ ತಂದು ತಿನ್ನಿಸಿದೆ. ನಿಜಕ್ಕೂ ಖುಷಿಯಾಗಿದೆ. ಅವಳು ಮುಂಜಾನೆ ಎಂಟಕ್ಕೆ ಹೋದರೆ ಸಂಜೆ ಏಳಕ್ಕೆ ಬರುತ್ತಾಳೆ. ಅಲ್ಲಿಯವರೆಗೆ ರೂಮು ಶಾಂತವಾಗಿರುತ್ತದೆ, ಓದಿಕೊಳ್ಳಲು ಅನುಕೂಲ. ಬಂದ ಮೇಲೆ ಅವಳು ನನ್ನೆದುರು ಆಫೀಸಿನ ಮಾತು ಎತ್ತುವುದಿಲ್ಲ. ನಾನು ಕೇಳಿದರೆ ಮಾತ್ರ, "ಏನಿಲ್ಲ ಬಿಡಲೇ, ಬರೇ ಎಸಿ ಥಂಡಿ" ಎನ್ನುತ್ತಾಳೆ.

ನನ್ನ ಸಂದರ್ಶನಗಳು ಇಪ್ಪತ್ತಾರು ಆದವು.

ಅಜ್ಜಾ, ಒಂದು ಕೇಳಬೇಕಾಗಿತ್ತು. ಮೊದಲು ಗುಮಾಸ್ತರು ಒಂದು ಅಂಗಡಿ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಅನುಭವದ ಕಾಗದ ಅಂತ ಏನಾದರೂ ಕೊಡುತ್ತಿದ್ದಿರೇನು? ಅದು ಖರೇನೋ ಸುಳ್ಳೋ ಎಂದು ಯಾರಾದರೂ ನೋಡುತ್ತಿದ್ದರೇನು? ಸುಮ್ಮನೆ ಕೇಳಿದೆ.

ದೀಪಾವಳಿಗೆ ಬರುತ್ತೇನೆ.

ಶಾಂಭವಿ


ಗಜೇಂದ್ರಗಡ
30 ಅಕ್ಟೋಬರ್ 2025

ಚಿ. ಶಾಂಭವಿಗೆ ಆಶೀರ್ವಾದಗಳು.

ಹಬ್ಬಕ್ಕೆ ನೀನು ಬಂದಿದ್ದೆ, ನಾಲ್ಕು ದಿನ ಇದ್ದೆ, ಹೋದೆ. ಮನೆಯ ದಾಖಲೆಗಳ ಪ್ರಕಾರ ನೀನು ಈ ಸಲ ತಿಂದದ್ದು ಎರಡು ಕರ್ಚಿಕಾಯಿ, ಆಡಿದ್ದು ಸುಮಾರು ಮೂವತ್ತು ಮಾತು. ಎರಡರಲ್ಲೂ ಇದು ನಿನ್ನ ಜನ್ಮದಲ್ಲೇ ಅತಿ ಕಡಿಮೆ. ಗೋದಾಮಿಗೆ ಬಂದು ಚೀಲದ ಮೇಲೆ ಕೂತವಳು ಶೇಂಗಾಕ್ಕೂ ಕೈ ಹಾಕಲಿಲ್ಲವೆಂದು ಗೌಸುಸಾಬ ಗಾಬರಿಯಾಗಿ ಬಂದು ಹೇಳಿದ. ನಾನು ಏನೂ ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಬಾಕಿ ಇತ್ತು. ಕೊಡುತ್ತಿದ್ದೆವು. ನಮ್ಮ ಓಣಿಯ ಅಂಗಡಿಗಳಲ್ಲಿ ನಮ್ಮಪ್ಪನ ಕಾಲದಿಂದ ಅದಕ್ಕೆ ತಪ್ಪಿನ ಚೀಟಿ ಎಂದು ಹೆಸರು. ಗುಮಾಸ್ತ ಹೊಸ ಅಂಗಡಿಗೆ ಹೊರಟಾಗ ಹಳೆಯ ಮಾಲೀಕ ಅವನ ತಪ್ಪುಗಳನ್ನು ಮೊದಲು ಬರೆಯಬೇಕು, ಒಂದೊಂದಾಗಿ. ಒಳ್ಳೆಯದು ಕೊನೆಗೆ, ಒಂದೇ ಸಾಲು. ಬರೀ ಹೊಗಳಿಕೆಯ ಚೀಟಿ ಬಂದರೆ ಹೊಸ ಮಾಲೀಕ ತಿರುಗಿಸಿ ಕಳಿಸುತ್ತಿದ್ದ. "ಇವನ್ನ ಸಾಗಹಾಕಾಕ ನೋಡ್ಯಾರ, ಅಥವಾ ಇವನ್ನ ನೋಡೇ ಇಲ್ಲ" ಎಂದು.

ನಮ್ಮಲ್ಲಿ ಅಬ್ದುಲಗನಿ ಎಂಬ ಗುಮಾಸ್ತನಿದ್ದ. ನರಗುಂದದ ಅಂಗಡಿಗೆ ಹೊರಟಾಗ ನಾನು ಬರೆದದ್ದು ಈಗಲೂ ನೆನಪಿದೆ. "ಊಟದ ನಂತರ ಅರ್ಧ ತಾಸು ಇವನಿಗೆ ಕಿವಿ ಕೇಳಿಸುವುದಿಲ್ಲ. ಚೌಕಾಶಿ ನಡೆದಾಗ ಗಿರಾಕಿಯ ಪರ ವಾದಿಸುತ್ತಾನೆ. ಹಾಡುತ್ತಾನೆ, ರಾಗ ತಪ್ಪುತ್ತದೆ." ಕೊನೆಗೆ: "ಕೀಲಿಕೈ ಕೊಡಬಹುದು." ಅಷ್ಟೇ. ಗನಿ ಆ ಅಂಗಡಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಇದ್ದ.

ಸುಳ್ಳು ಚೀಟಿ ಯಾರೂ ಬರೆಯಲೇ ಇಲ್ಲವೇ ಎಂದರೆ, ಬರೆದರು. ಆದರೆ ನೋಡು, ಗುಣಗಳನ್ನು ಸುಳ್ಳು ಹುಟ್ಟಿಸುವುದು ಸುಲಭ. ತಪ್ಪುಗಳನ್ನು ಸುಳ್ಳು ಹುಟ್ಟಿಸುವುದಕ್ಕೆ ಭಾಳ ಬುದ್ಧಿ ಬೇಕಾಗುತ್ತದೆ.

ಥಂಡಿ ಶುರುವಾಗಿದೆ. ಕಿವಿ ಮುಚ್ಚಿಕೊ.

ನಿನ್ನ ಅಜ್ಜ,
ಪ್ರಭುಲಿಂಗಪ್ಪ


ಹುಬ್ಬಳ್ಳಿ
9 ನವೆಂಬರ್ 2025

ತೀರ್ಥರೂಪ ಅಜ್ಜಾರಿಗೆ ನಮಸ್ಕಾರಗಳು.

ಕಾಗದ ಓದಿದೆ. ಗನಿ ಕಾಕಾನ ಹಾಡಿನ ಸಾಲಿಗೆ ಇಷ್ರತ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇಪ್ಪತ್ತನೆಯ ತಾರೀಖು ಗುರುವಾರ ಒಂದು ಸಂದರ್ಶನವಿದೆ, ಮೂವತ್ತೊಂದನೆಯದು. ಇದು ಬೇರೆ ಥರದ್ದು. ವಿದ್ಯಾನಗರದ ಸಣ್ಣ ಕಂಪನಿ, ಹದಿನಾಲ್ಕು ಜನ ಇದ್ದಾರೆ. ಕಾಳಿನ ಗೋದಾಮುಗಳಿಗೆ, ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜುಗಳಿಗೆ ಸಾಫ್ಟ್‌ವೇರ್ ಬರೆಯುತ್ತಾರೆ. ನಮ್ಮ ಗೋದಾಮಿನ ಕೆಲಸವೇ, ದೊಡ್ಡದಾಗಿ! ಭಾರತಿ ಎಂಬ ಮೇಡಂ ನಡೆಸುತ್ತಾರೆ. ಅಜ್ಜಾ, ಇಷ್ಟು ದಿನ ಯಾವ ಕಂಪನಿಯಾದರೂ ಸರಿ ಎನ್ನುತ್ತಿದ್ದೆ. ಇದೊಂದು ಮಾತ್ರ ನನಗೆ ಬೇಕೇ ಬೇಕು ಅನಿಸಿದೆ. ಆಯಿಗೆ ಕಾಳಕಾಳೇಶ್ವರನಿಗೆ ಒಂದು ಕಾಯಿ ಒಡೆಸಲು ಹೇಳಿ. ದೇವರಿಗೆ ಗೊಂದಲವಾಗಬಾರದೆಂದು ಕಂಪನಿಯ ಪೂರ್ತಿ ವಿಳಾಸವನ್ನು ಹಿಂದುಗಡೆ ಬರೆದಿದ್ದೇನೆ.

ಅವರೂ ಎರಡು ವರ್ಷದ ಅನುಭವ ಕೇಳಿದ್ದಾರೆ. ಆ ವ್ಯವಸ್ಥೆ ಆಗುತ್ತದೆ. ಅದರ ಚಿಂತೆ ಬೇಡ.

ಶಾಂಭವಿ


ಗಜೇಂದ್ರಗಡ
15 ನವೆಂಬರ್ 2025

ಚಿ. ಶಾಂಭವಿಗೆ ಆಶೀರ್ವಾದಗಳು.

ಕಾಯಿ ಒಡೆಸಿದ್ದಾಯಿತು. ಇನ್ನೊಂದು ಕೆಲಸವೂ ಆಗಿದೆ. ಅದನ್ನು ಹೇಳುವ ಮುಂಚೆ, ನಾನು ವಯಸ್ಸಾದವನು, ನನ್ನ ಬಿಪಿ ಆಗಾಗ ಏರುತ್ತದೆ, ನನ್ನನ್ನು ಬೈಯುವುದು ದವಾಖಾನಿಯವರ ಸಲಹೆಗೆ ವಿರುದ್ಧ ಎಂಬುದನ್ನು ನೆನಪಿಡು.

ನೀನು ಬರೆದ ಕಂಪನಿಯ ವಿಳಾಸ ಎದುರಿಗಿತ್ತು. ಶಿಕ್ಕಾ ಎದುರಿಗಿತ್ತು. ಶಾಯಿ ಹೊಸದು. ನಿನಗೆ ಎರಡು ವರ್ಷದ ಅನುಭವ ಇದೆ, ಅದನ್ನು ಬರೆದುಕೊಡಬೇಕಾದ ಮಾಲೀಕ ನಾನೇ ಇದ್ದೇನೆ ಎಂಬುದು ಹಠಾತ್ತನೆ ಹೊಳೆಯಿತು. ಬರೆದೆ. ಟಪಾಲು ಆಫೀಸಿಗೆ ಹೋಗಿ, ಕಿಟಕಿಯಲ್ಲಿ ಕೂತ ಹುಡುಗನಿಗೆ ರಿಜಿಸ್ಟರ್ ಮಾಡು ಎಂದೆ. "ರಿಜಿಸ್ಟರ್ ಬಂದ್ ಆಗೇತ್ರಿ ಅಜ್ಜಾರ, ಈಗೆಲ್ಲಾ ಸ್ಪೀಡ್" ಎಂದ. ಹಾಗಾದರೆ ಸ್ಪೀಡಾಗಿಯೇ ಹೋಗಲಿ ಎಂದೆ. ಮನೆಗೆ ಬಂದು ಕಾರ್ಬನ್ ಪ್ರತಿಯನ್ನು ಕಳಕವ್ವನಿಗೆ ಓದಿ ಹೇಳಿದೆ. ಅವಳು ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟು, "ಅಲ್ರಿ, ಹುಡುಗಿ ತಪ್ಪು ಬರದು ನೌಕರಿ ಕೊಡೋರ ಮನಿಗೇ ಕಳಿಸಿರೇನು? ಅವ್ರೇನು ನಮ್ಮ ಓಣಿಯವ್ರ?" ಎಂದಳು. ಐವತ್ತೆರಡು ವರ್ಷದ ಸಂಸಾರದಲ್ಲಿ ಅವಳು ಸರಿ ಎಂದು ನನಗೆ ಅಷ್ಟು ಲಗೂ ಗೊತ್ತಾದದ್ದು ಇದೇ ಮೊದಲು. ತಿರುಗಿ ಓಡಿದೆ. ಟಪಾಲಿನ ಗಾಡಿ ಹೋಗಿಬಿಟ್ಟಿತ್ತು.

ಚೀಟಿಯ ನಕಲು:

"ಕು. ಶಾಂಭವಿ ನಮ್ಮ ಗೋದಾಮಿನಲ್ಲಿ ಎರಡು ವರ್ಷ, ಸೂಟಿ ಇದ್ದಾಗಲೆಲ್ಲ, ಕಂಪ್ಯೂಟರ್ ಕೆಲಸ ಮಾಡಿದ್ದಾಳೆ. ತಪ್ಪುಗಳು. ಒಂದು: ಮಾದರಿಗೆಂದು ತೆಗೆದಿಟ್ಟ ಶೇಂಗಾ ತಿನ್ನುತ್ತಾಳೆ. ಎರಡು: ಎದುರಿನವರ ಮಾತು ಮುಗಿಯುವ ಮುಂಚೆ ಉತ್ತರ ಹೇಳುತ್ತಾಳೆ. ಮೂರು: ತಪ್ಪಾದಾಗ ಮೊದಲು ಕಂಪ್ಯೂಟರನ್ನು ಬೈಯುತ್ತಾಳೆ, ತನ್ನದೆಂದು ಒಪ್ಪಲು ಅರ್ಧ ತಾಸು ಹಿಡಿಯುತ್ತದೆ. ನಾಲ್ಕು: ಇವಳ ಪ್ರೋಗ್ರಾಮಿನಿಂದಾಗಿ ಲಕ್ಕಲಕಟ್ಟಿಯ ಗ್ಯಾನಪ್ಪನ ಬಿತ್ತನೆ ಕಡಲೆ, ನಾಲ್ಕು ಚೀಲ, ಬೇಳೆ ಮಿಲ್ಲಿಗೆ ಹೋದವು. ಐದು: ಹಸಿವಾದಾಗ ಇವಳ ಹತ್ತಿರ ಹೋಗಬಾರದು. ಕೀಲಿಕೈ ಕೊಡಬಹುದು."

ಬೈಯುವುದಿದ್ದರೆ ಒಂದೇ ಪುಟದಲ್ಲಿ ಮುಗಿಸು.

ನಿನ್ನ ಅಜ್ಜ,
ಪ್ರಭುಲಿಂಗಪ್ಪ


ಹುಬ್ಬಳ್ಳಿ
16 ನವೆಂಬರ್ 2025

ತೀರ್ಥರೂಪ ಅಜ್ಜಾರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಇನ್ನೂ ಬಂದಿಲ್ಲ. ಬರುವ ಮುಂಚೆಯೇ ಇದನ್ನು ಬರೆದುಬಿಡುತ್ತೇನೆ.

ಇಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ಒಂದು ಆಫೀಸಿದೆ. ದುಡ್ಡು ಕೊಟ್ಟರೆ ಅನುಭವ ಕೊಡುತ್ತಾರೆ. ದಸರೆಯ ಹೊತ್ತಿಗೆ ಹೋಗಿದ್ದೆ. ಹುಟ್ಟಿದಹಬ್ಬಕ್ಕೆಂದು ಆಯಿ ಕೊಟ್ಟದ್ದನ್ನು ಕೊಟ್ಟುಬಂದೆ. ನಿನ್ನೆ ಕಾಗದ ಕೈಗೆ ಬಂತು. ಅದರ ಪ್ರಕಾರ ನಾನು ಎರಡು ವರ್ಷ ಪುಣೆಯ ಒಂದು ಕಂಪನಿಯಲ್ಲಿ ದುಡಿದಿದ್ದೇನೆ. ಪುಣೆಯನ್ನು ನಾನು ನಕಾಶೆಯಲ್ಲಿ ನೋಡಿದ್ದೇನೆ.

ಎಲ್ಲರೂ ಹೀಗೇ ಮಾಡುತ್ತಾರಂತೆ. ಅಲ್ಲಿದ್ದವನು ಹೇಳಿದ, "ಒಮ್ಮೆ ಒಳಗ ಹೊಕ್ರ ಯಾರು ಕೇಳ್ತಾರ ತಂಗಿ?" ಎಂದು. ಇಷ್ರತಳಿಗೆ ಗೊತ್ತಿಲ್ಲ. ಅಪ್ಪನಿಗೂ ಗೊತ್ತಿಲ್ಲ.

ಭಾಳ ಚಂದದ ಕಾಗದ ಅಜ್ಜಾ. ನಾನು ಶ್ರಮಜೀವಿಯಂತೆ, ಸಮಯಪಾಲಕಳಂತೆ, ತಂಡದ ಆಸ್ತಿಯಂತೆ. ಒಂದೇ ಒಂದು ತಪ್ಪಿಲ್ಲ. ನೀವು ಗನಿ ಕಾಕಾನ ಕತೆ ಬರೆಯದಿದ್ದರೆ ಅದು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ಉತ್ತರ ಬರೆಯಬೇಡಿ. ಅದು ಬರುವುದರೊಳಗೆ ಇಪ್ಪತ್ತು ದಾಟಿರುತ್ತದೆ.

ಶಾಂಭವಿ


ಹುಬ್ಬಳ್ಳಿ
21 ನವೆಂಬರ್ 2025

ತೀರ್ಥರೂಪ ಅಜ್ಜಾರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಹದಿನೆಂಟಕ್ಕೆ ಬಂತು. ಮೊದಲು ನಿಮ್ಮನ್ನು ಬೈದೆ, ಅರ್ಧ ತಾಸು. ಮೂರನೆಯ ತಪ್ಪಿನಲ್ಲಿ ನೀವು ಸಮಯ ಸರಿಯಾಗಿ ಬರೆದಿದ್ದೀರಿ.

ಆಮೇಲೆ ಕೂತು ಯೋಚಿಸಿದೆ. ಕಂಪನಿಯವರ ಮೇಜಿನ ಮೇಲೆ ನಿಮ್ಮ ಚೀಟಿ ಇದ್ದರೆ, ಅದೇ ಎರಡು ವರ್ಷ ನಾನು ಪುಣೆಯಲ್ಲಿಯೂ ಇರಲು ಆಗುವುದಿಲ್ಲ. ನನಗಿದ್ದ ಭರವಸೆ ಅಂಚೆ ಇಲಾಖೆ ಒಂದೇ. ಈ ಸಲವಾದರೂ ತಡ ಮಾಡುತ್ತದೆ ಎಂದು ನಂಬಿ ಪುಣೆಯ ಕಾಗದವನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋದೆ.

ಒಳಗೆ ಹೋದಾಗ ಭಾರತಿ ಮೇಡಂ ಎದುರಿಗೆ ನೇರಳೆ ಶಿಕ್ಕಾ ಹೊಳೆಯುತ್ತಿತ್ತು. ಪಕ್ಕದಲ್ಲಿ ಒಂದು ತಟ್ಟೆ ಹುರಿದ ಶೇಂಗಾ.

"ಗಜೇಂದ್ರಗಡದ ಪ್ರಭುಲಿಂಗಪ್ಪ ಅನ್ನಾವ್ರು ನಿನಗ ಏನಾಗಬೇಕು?"

"ಅಜ್ಜಾರಿ."

"ನಿನ್ನ ಮ್ಯಾಲೆ ಏನರ ಸಿಟ್ಟೈತೇನು ಅವ್ರಿಗೆ?"

"ಇಲ್ರಿ. ಅವ್ರು ನನಗ ಸಹಾಯ ಮಾಡ್ಯಾರ್ರಿ."

ಅವರು ನಗಲಿಲ್ಲ. ತಾವೂ ನಮ್ಮ ಕಡೆಯವರೇ, ಪಕ್ಕದ ರೋಣದವರು ಎಂದರು, ಆದರೆ ಇಂಥ ಚೀಟಿ ಎಲ್ಲೂ ನೋಡಿಲ್ಲವಂತೆ. ತಟ್ಟೆಯನ್ನು ನನ್ನ ಕಡೆ ಸರಿಸಿ, "ತಿನ್ನು, ಮಾದರಿಗೇ ಇಟ್ಟೇನಿ. ನಾಲ್ಕನೇ ತಪ್ಪು ಹೇಳು" ಎಂದರು.

ಹೇಳಿದೆ. ಗ್ಯಾನಪ್ಪ ಎಂಬವರು ಇಬ್ಬರಿದ್ದರು, ಜಕ್ಕಲಿಯವರೊಬ್ಬರು, ಲಕ್ಕಲಕಟ್ಟಿಯವರೊಬ್ಬರು. ನನ್ನ ಪ್ರೋಗ್ರಾಮಿಗೆ ಹೆಸರು ಮಾತ್ರ ಗೊತ್ತಿತ್ತು. ಹಾಗಾಗಿ ಜಕ್ಕಲಿಯವರು ಮಾರಿದ ಕಡಲೆಯ ಬದಲು ಲಕ್ಕಲಕಟ್ಟಿಯವರು ಬಿತ್ತಲು ಇಟ್ಟಿದ್ದ ಕಡಲೆ ಲಾರಿ ಹತ್ತಿತು. ಎರಡು ದಿನ ಪ್ರೋಗ್ರಾಮಿನೊಳಗೆ ತಪ್ಪು ಹುಡುಕಿದೆ, ಸಿಗಲಿಲ್ಲ. ಮೂರನೆಯ ದಿನ ಕಂಪ್ಯೂಟರ್ ಬಂದ್ ಮಾಡಿ ಗೌಸುಸಾಬ ಕಾಕಾನ ಹತ್ತಿರ ಕೂತೆ. ಅವನು ಚೀಲ ಬಂದ ಕೂಡಲೇ ಹೆಸರು ಕೇಳುವುದಿಲ್ಲ. ಮೊದಲು "ಯಾವ ದಾರಿಲೆ ಬಂತು?" ಎನ್ನುತ್ತಾನೆ. ಆಮೇಲೆ ಯಾವ ಮನೆತನ. ಹೆಸರು ಎಲ್ಲಕ್ಕಿಂತ ಕೊನೆಗೆ. ನಾನು ಅದನ್ನೇ ಪ್ರೋಗ್ರಾಮಿಗೆ ಕಲಿಸಿದೆ.

"ಲಕ್ಕಲಕಟ್ಟಿ ಗ್ಯಾನಪ್ಪ ಏನಂದ?"

"ಅಜ್ಜಾರ ಜೋಡಿ ಅವ್ರ ಮನಿಗೆ ಹೋಗಿದ್ನಿರಿ. 'ನಿನ್ನ ಕಂಪ್ಯೂಟರ್ ನನ್ನ ಹೆಸರು ಓದೇತಿ, ಮಾರಿ ನೋಡಿಲ್ಲ. ನಾಳಿ ಬರ್ತೇನಿ, ತೋರ್ಸು' ಅಂದ್ರು. ಖರೇನ ಬಂದ್ರು, ಅದರ ಮುಂದ ನಿಂತ್ರು."

ಆಗ ನಕ್ಕರು. ನನಗೂ ಧೈರ್ಯ ಬಂತು. ಮತ್ತೊಂದು ಗಂಟೆ ಮಾತಾಡಿದೆವು, ಹೆಚ್ಚಿನದು ಕೆಲಸದ ಮಾತೇ. ಎರಡು ಸಲ ಅವರ ಮಾತು ಮುಗಿಯುವ ಮುಂಚೆ ಉತ್ತರ ಹೇಳಿದೆ. ಅವರು ನಿಮ್ಮ ಚೀಟಿಯ ಎರಡನೆಯ ಸಾಲಿನ ಮೇಲೆ ಬೆರಳಿಟ್ಟರು. ಕೊನೆಗೆ ಚೀಟಿ ಮಡಚುತ್ತ ಕೇಳಿದರು:

"ಮತ್ತ, ಪಟ್ಟಿ ಪೂರ್ತಿ ಐತೇನು?"

ಸುಮ್ಮನೆ ಹೌದು ಎಂದಿದ್ದರೆ ಮುಗಿದಿತ್ತು. ನಿಮ್ಮ ಚೀಟಿಯೇ ಸಾಕಾಗಿತ್ತು, ಪುಣೆಯ ಕಾಗದ ಬ್ಯಾಗಿನಲ್ಲೇ ಉಳಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ತಪ್ಪಿನ ಪಟ್ಟಿಯ ಮೇಲೆ ನೀವು ಶಿಕ್ಕಾ ಒತ್ತಿದ್ದಿರಿ.

"ಇನ್ನೊಂದೈತ್ರಿ ಮೇಡಂ" ಎಂದು ಅದನ್ನು ತೆಗೆದು ಮೇಜಿನ ಮೇಲೆ ಇಟ್ಟೆ.

ಓದಿದರು. ತಿರುಗಿ ಓದಿದರು. "ಇದನ್ನ ಕೊಡಾಕಂತ ತಂದಿದ್ದೇನು?"

"ಹೌದ್ರಿ."

"ಮತ್ತ್ಯಾಕ ಮೊದಲ ಕೊಡಲಿಲ್ಲ?"

"ಅದರಾಗ ಒಂದೂ ತಪ್ಪಿಲ್ರಿ. ನೀವು ನಂಬೂದಿಲ್ಲ ಅನಸ್ತು."

ಅವರು ಎರಡೂ ಕಾಗದಗಳನ್ನು ಒಂದರ ಮೇಲೊಂದು ಇಟ್ಟು, ಡ್ರಾವರಿನಲ್ಲಿ ಹಾಕಿ, "ಹೋಗಿ ಬಾ" ಎಂದರು. ಮುಖ ನೋಡಿದರೆ ಏನೂ ತಿಳಿಯಲಿಲ್ಲ.

ಸಂಜೆ ಇಷ್ರತಳಿಗೆ ಎಲ್ಲಾ ಹೇಳಿದೆ. "ಹುಚ್ಚಿ" ಎಂದಳು. ಆಮೇಲೆ ತಾನೇ ಚಹಾ ಮಾಡಿಕೊಟ್ಟಳು.

ಶಾಂಭವಿ


ಗಜೇಂದ್ರಗಡ
3 ಡಿಸೆಂಬರ್ 2025
(ಕಾರ್ಡು)

ಚಿ. ಶಾಂಭವಿಗೆ ಆಶೀರ್ವಾದಗಳು.

ಎರಡೂ ಕಾಗದ ಮುಟ್ಟಿದವು. ಹದಿನಾರರದ್ದನ್ನು ನಾನೊಬ್ಬನೇ ಓದಿದೆ. ಇಪ್ಪತ್ತೊಂದರದ್ದನ್ನು ಗೋದಾಮಿನಲ್ಲಿ ಓದಿದೆ, ನಡುವೆ ಒಂದು ಭಾಗ ಬಿಟ್ಟು. ಗೌಸುಸಾಬ ತನ್ನ ಮಾತು ಹುಬ್ಬಳ್ಳಿಯವರೆಗೆ ಹೋದದ್ದಕ್ಕೆ ಇಡೀ ದಿನ ಚೀಲಗಳಿಗೆಲ್ಲ "ಯಾವ ದಾರಿಲೆ ಬಂದಿ?" ಎಂದು ಕೇಳುತ್ತ ತಿರುಗಿದ.

ಬೈಯುವುದಿಲ್ಲ. ಊಟ ಮಾಡು. ಅವರು ಏನಂದರೂ ಬರೆ, ಏನೂ ಅನ್ನದಿದ್ದರೂ ಬರೆ.

ಅಜ್ಜ


ಹುಬ್ಬಳ್ಳಿ
17 ಡಿಸೆಂಬರ್ 2025

ತೀರ್ಥರೂಪ ಅಜ್ಜಾರಿಗೆ ನಮಸ್ಕಾರಗಳು.

ಫೋನಿನಲ್ಲಿ ಅಪ್ಪನಿಗೆ ಹೇಳಿದ್ದೇನೆ, ಅವನು ನಿಮಗೆ ಎರಡು ಶಬ್ದಗಳ ವರದಿ ಕೊಟ್ಟಿರಬೇಕು: "ನೌಕರಿ ಹತ್ತಿತು." ಉಳಿದದ್ದು ಇಲ್ಲಿದೆ.

ಹತ್ತೊಂಬತ್ತು ದಿನ ಏನೂ ಸುದ್ದಿಯಿಲ್ಲ. ಇಪ್ಪತ್ತನೆಯ ದಿನ ಕರೆದರು. ಭಾರತಿ ಮೇಡಂ ಕೂಡಲು ಹೇಳಲಿಲ್ಲ. "ಆ ಕಾಗದ ಕೊಟ್ಟಿದ್ರ ಅವತ್ತ ಹೊರಗ ಕಳಿಸ್ತಿದ್ದೆ. ತೋರಿಸಿದ್ದಕ್ಕ ಇಷ್ಟು ದಿನ ವಿಚಾರ ಮಾಡಬೇಕಾತು" ಎಂದರು. ಆರು ತಿಂಗಳು ಕಲಿಯುವವಳಾಗಿ ಸೇರಿಸಿಕೊಂಡಿದ್ದಾರೆ. ಆರು ತಿಂಗಳ ನಂತರ ಮುಂದಿನ ಮಾತು. ಪುಣೆಯ ಕಾಗದವನ್ನು ಹರಿಯಲಿಲ್ಲ. ನಿಮ್ಮ ಚೀಟಿಯ ಹಿಂದೆ ಪಿನ್ ಹೊಡೆದು ನನ್ನ ಫೈಲಿನಲ್ಲೇ ಇಟ್ಟಿದ್ದಾರೆ.

"ನಿಮ್ಮಜ್ಜಾರು ಕೀಲಿಕೈ ಕೊಡಬಹುದು ಅಂದಾರ. ನಾ ಈಗ ಕೊಡಂಗಿಲ್ಲ. ನೋಡ್ತೇನಿ" ಎಂದೂ ಹೇಳಿದರು. ಅದು ನಿಮಗೆ ತಿಳಿಸಬೇಕೆಂದು ನಾನೇ ಬರೆಯುತ್ತಿದ್ದೇನೆ.

ಮೊದಲ ಕೆಲಸ ಏನು ಗೊತ್ತೇ? ಮೂರು ವಾರ ಕೀಬೋರ್ಡ್ ಮುಟ್ಟುವಂತಿಲ್ಲ. ಒಂದು ದೊಡ್ಡ ಗೋದಾಮಿಗೆ ಹೋಗಿ ಹಮಾಲರು ಹೇಗೆ ಕೆಲಸ ಮಾಡುತ್ತಾರೆಂದು ನೋಡುವುದು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ಮೂವತ್ತೊಂದು ಸಂದರ್ಶನ ಮುಗಿಸಿ, ನಾನು ಈಗ ಜೋಳದ ಚೀಲದ ಮೇಲೆ ಕೂತಿದ್ದೇನೆ. ಈ ಕಾಗದವನ್ನೂ ಅಲ್ಲೇ ಕೂತು ಬರೆದದ್ದು. ವಾಸನೆ ನೋಡಿ.

ಸಂಕ್ರಾಂತಿಗೆ ಬರುತ್ತೇನೆ.

ಶಾಂಭವಿ


ಗಜೇಂದ್ರಗಡ
28 ಡಿಸೆಂಬರ್ 2025

ಚಿ. ಶಾಂಭವಿಗೆ ಆಶೀರ್ವಾದಗಳು.

ವಾಸನೆ ನೋಡಲಾಯಿತು. ಗೌಸುಸಾಬ ಮೂಸಿ, "ಬಿಜಾಪುರ ಕಡಿ ಜ್ವಾಳ" ಎಂದು ತೀರ್ಪು ಕೊಟ್ಟ. ನಿನ್ನ ಆಯಿ ಮೂಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಜ್ವಾಳದ ಧೂಳು ಎಂದಳು.

ಭಾರತಿಯವರು ಸರಿ ಮಾಡಿದ್ದಾರೆ. ಗನಿಗೆ ನಾನು ಕೀಲಿಕೈ ಕೊಟ್ಟದ್ದೂ ಒಂದು ವರ್ಷದ ನಂತರ.

ಈಗ ನನ್ನ ಪಟ್ಟಿ. ನಿನ್ನದನ್ನು ಊರಿಗೇ ಓದಿಸಿದವನು ನನ್ನದನ್ನು ಮುಚ್ಚಿಡುವುದು ನ್ಯಾಯವಲ್ಲ. ಒಂದು: ಧೋತರದ ಮೇಲೆ ಶಾಯಿ. ಎರಡು: ದೀಪಾವಳಿಯಲ್ಲಿ ನಿನ್ನ ಬಟ್ಟೆ ಒಗೆಯುವಾಗ ಆಯಿಗೆ ನಿನ್ನ ಪ್ಯಾಂಟಿನ ಕಿಸೆಯಲ್ಲಿ ಒಂದು ರಸೀದಿ ಸಿಕ್ಕಿತು, ಬೇಕರಿ ಮಹಡಿಯ ಆಫೀಸಿನದು, ಅನುಭವ ಪತ್ರದ ಬಾಬ್ತು. ಓದಿ ಹೇಳಲು ನನ್ನ ಕೈಗೆ ಕೊಟ್ಟಳು. ಓದಿದೆ, "ಏನೋ ಬಸ್ಸಿನ ಚೀಟಿ" ಎಂದೆ, ಬಟ್ಟೆ ಒಣಗಿದ ಮೇಲೆ ಮಡಚಿ ಎಲ್ಲಿತ್ತೋ ಅಲ್ಲೇ ಇಟ್ಟೆ. ಮೂರು: ಚೀಟಿ ಕಳಿಸಿದ್ದು ವಿಚಾರ ಮಾಡದೆ ಆದ ತಪ್ಪು ಎಂಬಂತೆ ಬರೆದೆ. ಟಪಾಲು ಆಫೀಸಿಗೆ ತಿರುಗಿ ಓಡಿದ್ದು ಖರೇ. ಆದರೆ ಜೋರಾಗಿ ಓಡಲಿಲ್ಲ. ನಾಲ್ಕು: ಇದನ್ನೆಲ್ಲ ನಿನ್ನ ಎದುರು ಕೂತು ಕೇಳಬಹುದಾಗಿತ್ತು, ಕೇಳುವ ಧೈರ್ಯವಾಗಲಿಲ್ಲ. ಕೀಲಿಕೈ ಕೊಡಬಹುದೋ ಇಲ್ಲವೋ, ನೀನೇ ಬರೆ.

ಇನ್ನು ಊರಿನ ಸುದ್ದಿ. ನಿನ್ನ ಚೀಟಿಯ ಕೀರ್ತಿ ಬಜಾರೆಲ್ಲ ಹಬ್ಬಿ, ಓದಿ ಮನೆಯಲ್ಲಿ ಕೂತ ಐದು ಮಂದಿ ನನ್ನ ಬಾಗಿಲಿಗೆ ಬಂದರು. ಮೊದಲನೆಯವನು ಎದುರು ಮನೆಯ ಅಮರೇಶ, ಅವನೂ ಕಂಪ್ಯೂಟರ್ ಓದಿದವನೇ. "ಅಜ್ಜಾರ, ನಂದೊಂದು ನಾಲ್ಕು ತಪ್ಪು ಬರದು ಶಿಕ್ಕಾ ಹೊಡದು ಕೊಡ್ರಿ" ಎಂದ. ನಾನು ಕಣ್ಣಾರೆ ನೋಡದ ತಪ್ಪನ್ನು ಬರೆಯುವುದಿಲ್ಲ ಎಂದೆ. ಹಾಗಾಗಿ ಐವರೂ ಈಗ ಗೋದಾಮಿನಲ್ಲಿ ನಿನ್ನ ಪ್ರೋಗ್ರಾಂ ಮುಂದೆ ಕೂತು ತಪ್ಪು ಮಾಡುತ್ತಿದ್ದಾರೆ. ಅಮರೇಶ ಮೊನ್ನೆ ಹೊಳೆಮಣ್ಣೂರಿನ ಹೆಸರುಕಾಳನ್ನು ತೊಗರಿಯೆಂದು ಬರೆದ, ಮೂರು ತಾಸು ಒಪ್ಪಲಿಲ್ಲ. ನೀನೇ ವಾಸಿ.

ಇನ್ನು ಐದು ಚೀಟಿಗಳಿಗೆ ಶಿಕ್ಕಾ ಒತ್ತಬೇಕಾಗುತ್ತದೆ, ಆದ್ದರಿಂದ ಒಂದು ಸಣ್ಣ ಕೆಲಸ. ಪ್ಯಾಡು ಮತ್ತೆ ಒಣಗುತ್ತ ಬಂದಿದೆ, ಇಲ್ಲಿಯ ಅಂಗಡಿಯಲ್ಲಿ ನೀಲಿ ಮಾತ್ರ ಇದೆ. ಸಂಕ್ರಾಂತಿಗೆ ಬರುವಾಗ ಹುಬ್ಬಳ್ಳಿಯಿಂದ ಶಿಕ್ಕಾದ ಶಾಯಿ ಒಂದು ಬಾಟಲಿ ತಾ. ನೇರಳೆಯೇ ಆಗಬೇಕು. ಬಾಯಿ ಸಣ್ಣದಿರುವ ಬಾಟಲಿ ನೋಡಿ ತಗೋ, ಆಯಿ ಹೊಸ ಧೋತರ ತಂದಿದ್ದಾಳೆ.

ನಿನ್ನ ಅಜ್ಜ,
ಪ್ರಭುಲಿಂಗಪ್ಪ